ಅನ್ನದ ಊಟದಲ್ಲಿ ಥಯಾಮಿನ್ ಉಳಿಸಿಕೊಳ್ಳುವುದು ಹೇಗೆ?

ಅನ್ನದ ಪಿಷ್ಟವು ಗ್ಲೂಕೋಸ್ ಆಗಿ ರಕ್ತ ಸೇರಿದರೂ ಅದರಿಂದ ಜೀವಕೋಶಗಳು ಪೂರ್ಣ ಶಕ್ತಿ ಪಡೆಯಲು ಥಯಾಮಿನ್, ಅಂದರೆ ಬಿ1 ಜೀವಸತ್ವ, ಬೇಕೇ ಬೇಕು. ಅದು ಕಡಿಮೆಯಾದಾಗ ಬಿಡುವಿಲ್ಲದೆ ದುಡಿಯುವ ಹೃದಯ, ಮಿದುಳು ಮತ್ತು ನರಗಳು ಮೊದಲು ಸೋಲುತ್ತವೆ. ದೇಹದಲ್ಲಿರುವ ದಾಸ್ತಾನು ಸುಮಾರು 30 ಮಿಲಿಗ್ರಾಂ ಮಾತ್ರ. ಆಹಾರದಿಂದ ಸಿಗದಿದ್ದರೆ ಎರಡು ಮೂರು ವಾರಗಳಲ್ಲಿ ಅದು ಬರಿದಾಗುತ್ತದೆ.

ಮೊದಲು ಅಕ್ಕಿಯ ಆಯ್ಕೆ. ಥಯಾಮಿನ್ ಬಹುಪಾಲು ಇರುವುದು ತೌಡು ಮತ್ತು ಮೊಳಕೆಯ ಭಾಗದಲ್ಲಿ. ಪಾಲಿಶ್ ಮಾಡಿದಾಗ ಹೋಗುವುದೂ ಅದೇ. 1890ರ ದಶಕದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಅವರು ಇಂದಿನ ಜಕಾರ್ತದಲ್ಲಿ, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತು, ತೌಡಿರುವ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಂಡದ್ದನ್ನು ಕಂಡರು. ಕರಾವಳಿಯ ಕುಚ್ಚಲಕ್ಕಿ ಇಲ್ಲಿ ನಿಜಕ್ಕೂ ಮೇಲು: ಭತ್ತವನ್ನು ಸಿಪ್ಪೆಸಹಿತ ನೆನೆಸಿ ಬೇಯಿಸುವಾಗ ಜೀವಸತ್ವದ ಒಂದಂಶ ಕಾಳಿನೊಳಕ್ಕೆ ಇಳಿಯುವುದರಿಂದ, ಆಮೇಲೆ ಮಿಲ್ ಮಾಡಿದರೂ ಅದು ಪೂರ್ತಿ ನಷ್ಟವಾಗುವುದಿಲ್ಲ.

ಥಯಾಮಿನ್ ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಅಕ್ಕಿಯನ್ನು ಕಲ್ಲು, ಧೂಳು ಹೋಗುವಷ್ಟು ಒಂದೆರಡು ಸಲ ತೊಳೆಯಿರಿ. ನೀರು ತಿಳಿಯಾಗುವವರೆಗೂ ಉಜ್ಜಬೇಡಿ. ಅಳತೆಯ ನೀರಿಟ್ಟು ಇಂಗುವಂತೆ ಬೇಯಿಸಿ. ಬಸಿಯಲೇಬೇಕಾದರೆ ಆ ಗಂಜಿಯನ್ನು ಸಾರಿಗೆ ಬೆರೆಸಿ ಅಥವಾ ಉಪ್ಪು ಹಾಕಿ ಕುಡಿಯಿರಿ. ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕಬೇಡಿ, ಏಕೆಂದರೆ ಕ್ಷಾರವು ಥಯಾಮಿನನ್ನು ನಾಶಮಾಡುತ್ತದೆ.

ಅನ್ನದ ಜೊತೆ ತೊಗರಿಬೇಳೆ, ಹೆಸರುಕಾಳು, ಹುರುಳಿ, ಶೇಂಗಾ ಅಥವಾ ಎಳ್ಳಿನ ಪುಡಿ ಇರಲಿ; ಒಂದು ಹೊತ್ತು ರಾಗಿ ಮುದ್ದೆಯಾದರೆ ಇನ್ನೂ ಒಳ್ಳೆಯದು. ಚಹಾ, ಕಾಫಿ, ಅಡಿಕೆಯಲ್ಲಿರುವ ಕೆಲವು ಅಂಶಗಳು ಥಯಾಮಿನನ್ನು ನಿಷ್ಕ್ರಿಯಗೊಳಿಸುವುದರಿಂದ ಊಟದ ಬೆನ್ನಿಗೇ ಅವು ಬೇಡ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದದ್ದು ಬಾಣಂತಿಯ ಪಥ್ಯದಲ್ಲಿ. ಬೇಳೆ, ಕಾಳು, ಸೊಪ್ಪು ಎಲ್ಲವನ್ನೂ ನಿಲ್ಲಿಸಿ, ಬಿಳಿ ಅನ್ನಕ್ಕೆ ಮೆಣಸಿನ ಸಾರು, ತುಪ್ಪವನ್ನಷ್ಟೇ ವಾರಗಟ್ಟಲೆ ಕೊಡುವ ಪದ್ಧತಿ ಇಂದಿಗೂ ಹಲವು ಮನೆಗಳಲ್ಲಿದೆ. ತಾಯಿ ಆರೋಗ್ಯವಾಗಿ ಕಂಡರೂ ಅವಳ ಹಾಲಿನಲ್ಲಿ ಥಯಾಮಿನ್ ಕುಸಿದಿರಬಹುದು. ಎರಡು ಮೂರು ತಿಂಗಳ ಕೂಸು ಹಾಲು ಬಿಟ್ಟು, ವಾಂತಿ ಮಾಡಿಕೊಂಡು, ಅಳುವಾಗ ದನಿ ಗೊಗ್ಗರಾಗಿ ಅಥವಾ ದನಿಯೇ ಹೊರಡದೆ, ಏದುಸಿರು ಬಿಡತೊಡಗಿದರೆ ಒಂದು ಗಂಟೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯಿರಿ ಮತ್ತು ತಾಯಿಯ ಪಥ್ಯದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಇಂಥ ಶಿಶುಗಳಲ್ಲಿ ಹೃದಯ ವೈಫಲ್ಯವು ಥಯಾಮಿನ್ ಚುಚ್ಚುಮದ್ದಿನಿಂದ ಬಹುಬೇಗ ಹತೋಟಿಗೆ ಬರುತ್ತದೆ. ಗುರುತಿಸದಿದ್ದರೆ ಜೀವವೇ ಹೋಗಬಹುದು. ಪಥ್ಯಕ್ಕೆ ತೊಗರಿಯ ಕಟ್ಟನ್ನೋ ಹೆಸರುಬೇಳೆಯನ್ನೋ ಸೇರಿಸಲು ಹಿರಿಯರನ್ನು ಒಪ್ಪಿಸುವುದು ಕಷ್ಟವಾದರೂ ಅಗತ್ಯ.

ದೊಡ್ಡವರಲ್ಲಿ ಪಾದ ಉರಿ, ಜೋಮು, ಕುಳಿತಲ್ಲಿಂದ ಏಳಲಾಗದ ನಿಶ್ಶಕ್ತಿ ಕಂಡರೆ ಅದು ಥಯಾಮಿನ್ ಕೊರತೆಯಿಂದ ಬರುವ ಬೆರಿಬೆರಿ ರೋಗದ, ನರಗಳನ್ನು ಬಾಧಿಸುವ ‘ಒಣ’ ರೂಪವಿರಬಹುದು. ಕಾಲು ಊದಿ ಉಬ್ಬಸ ಬಂದರೆ ಹೃದಯವನ್ನು ಬಾಧಿಸುವ ‘ತೇವದ’ ಬೆರಿಬೆರಿಯಿರಬಹುದು. ದೀರ್ಘಕಾಲ ಮದ್ಯ ಸೇವಿಸುವವರಲ್ಲಿ, ಬಸುರಿನಲ್ಲಿ ವಿಪರೀತ ವಾಂತಿಯಾಗುವವರಲ್ಲಿ ಗೊಂದಲ, ತೂರಾಡುವ ನಡಿಗೆ, ಕಣ್ಣಿನ ಅಸಹಜ ಚಲನೆ ಕಾಣಿಸಿಕೊಂಡರೆ ಅದು ಮಿದುಳಿನ ತುರ್ತುಸ್ಥಿತಿ. ಅಂಥವರಿಗೆ ಥಯಾಮಿನ್ ಇಲ್ಲದೆ ಗ್ಲೂಕೋಸ್ ಡ್ರಿಪ್ ಮಾತ್ರ ಏರಿಸಿದರೆ ಸ್ಥಿತಿ ಹದಗೆಡಬಹುದಾದ ಕಾರಣ, ಕುಡಿತ, ವಾಂತಿ, ಊಟ ಬಿಟ್ಟ ದಿನಗಳ ವಿವರವನ್ನು ಸಂಕೋಚಪಡದೆ ವೈದ್ಯರಿಗೆ ಮೊದಲೇ ತಿಳಿಸಿ.