ಗುಜ್ಜೆ ದಮ್ ಬಿರಿಯಾನಿ: ಹೋಳು ಕರಗದಂತೆ, ಅನ್ನ ಮುದ್ದೆಯಾಗದಂತೆ

ಮಟನ್ ಬಿರಿಯಾನಿಯ ಅಳತೆಯನ್ನೇ ಇಟ್ಟುಕೊಂಡು ಮಾಂಸದ ಜಾಗಕ್ಕೆ ಎಳೆ ಹಲಸು ಹಾಕಿದರೆ ಬಿರಿಯಾನಿ ಸಪ್ಪೆಯಾಗುತ್ತದೆ, ಇಲ್ಲವೇ ಒಣಗುತ್ತದೆ. ಮಾಂಸ ಬೇಯುವಾಗ ರಸ ಬಿಡುತ್ತದೆ, ಕೊಬ್ಬು ಬಿಡುತ್ತದೆ. ಮಸಾಲೆಗೆ ಮೈ ಬರುವುದೇ ಅದರಿಂದ. ಹಲಸು ಮಾಡುವುದು ಇದರ ಉಲ್ಟಾ. ಮಸಾಲೆಯಲ್ಲಿರುವ ನೀರು, ಎಣ್ಣೆ, ಉಪ್ಪು ಮೂರನ್ನೂ ತಾನೇ ಹೀರಿಕೊಳ್ಳುತ್ತದೆ. ಹಾಗಾಗಿ ಮಸಾಲೆ ಸ್ವಲ್ಪ ಸಡಿಲವಾಗಿರಬೇಕು, ಜಿಡ್ಡು ಹೊರಗಿನಿಂದ ಬರಬೇಕು, ಉಪ್ಪು ಹಂತಹಂತವಾಗಿ ಬೀಳಬೇಕು. ಮುಂದಿನ ಕ್ರಮವೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ.

ಕಾಯಿ ಯಾವುದು

ಬೇಕಾದದ್ದು ಎಳೆಯ ಹಲಸಿನಕಾಯಿ, ಕರಾವಳಿಯವರ ಬಾಯಲ್ಲಿ ಗುಜ್ಜೆ. ಒಂದರಿಂದ ಒಂದೂವರೆ ಕಿಲೋ ತೂಗುವ ಕಾಯಿ ಸರಿಯಾದದ್ದು. ಮುಳ್ಳುಗಳು ಒತ್ತೊತ್ತಾಗಿ, ಚೂಪಾಗಿ ಇರಬೇಕು. ಮುಳ್ಳು ಅಗಲವಾಗಿ ಚಪ್ಪಟೆಯಾಗುತ್ತ ಬಂದಿದ್ದರೆ ಕಾಯಿ ಬಲಿತಿದೆ ಎಂದೇ ಅರ್ಥ. ಕತ್ತರಿಸಿದಾಗ ಒಳಗೆ ಬೆಳ್ಳಗಿರಬೇಕು, ಬೀಜಕ್ಕೆ ಉಗುರು ಒತ್ತಿದರೆ ಸಲೀಸಾಗಿ ಇಳಿಯಬೇಕು. ಬೀಜದ ಮೇಲೆ ಗಟ್ಟಿ ಸಿಪ್ಪೆ ಕಟ್ಟಿದ್ದರೆ ಕಾಯನ್ನು ಹೋಳು ಮಾಡಿ ಪ್ರಯೋಜನವಿಲ್ಲ. ಆಗ ಸೊಳೆ ಬಿಡಿಸಿ, ಬೀಜ ತೆಗೆದು, ಸೊಳೆಗಳನ್ನಷ್ಟೇ ಬಳಸಿ. ಒಳಗೆ ಹಳದಿ ತಿರುಗಿ ಸಿಹಿ ವಾಸನೆ ಬರುತ್ತಿದ್ದರೆ ಬಿರಿಯಾನಿಯ ಆಸೆ ಬಿಟ್ಟು ಕಡುಬು, ಮುಳ್ಕ ಮಾಡಿಕೊಳ್ಳುವುದೇ ಲೇಸು. ಆ ಸಿಹಿಯನ್ನು ಎಷ್ಟು ಖಾರ ಹಾಕಿದರೂ ಮುಚ್ಚಲಾಗದು.

ನಮ್ಮಲ್ಲಿ ಗುಜ್ಜೆ ಧಾರಾಳವಾಗಿ ಸಿಗುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಊರಾಚೆ, ದೇಶದಾಚೆ ಇರುವವರಿಗೆ ಡಬ್ಬಿಯ ಎಳೆ ಹಲಸು ಸಾಕು. ಆದರೆ ಡಬ್ಬಿಯ ಮೇಲೆ ಉಪ್ಪುನೀರಿನದೋ ಸಕ್ಕರೆ ಪಾಕದ್ದೋ ನೋಡಿ ಕೊಳ್ಳಿ. ಉಪ್ಪುನೀರಿನದನ್ನು ಎರಡು ಸಲ ತೊಳೆದು, ಬಿಸಿನೀರಿನಲ್ಲಿ ಐದು ನಿಮಿಷ ಕುದಿಸಿ, ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಅದು ಮೊದಲೇ ಬೆಂದಿರುವುದರಿಂದ ಮುಂದೆ ಹೇಳುವ ಬೇಯಿಸುವ ಹಂತ ಬೇಡ. ಫ್ರೀಜರ್‌ನ ಹೋಳುಗಳನ್ನು ಕರಗಿಸಲು ಹೊರಗಿಡಬೇಡಿ, ನೇರವಾಗಿ ಕುದಿಯುವ ನೀರಿಗೆ ಹಾಕಿ. ಕರಗಿಸಿ ಇಟ್ಟರೆ ನಾರು ಸಡಿಲವಾಗಿ ಹೋಳು ಜೋಲುಬೀಳುತ್ತದೆ.

ಮಳೆಗಾಲಕ್ಕೆಂದು ಭರಣಿಯಲ್ಲಿ ಹಾಕಿಟ್ಟ ಉಪ್ಪುಸೊಳೆಯಿಂದ ಮಾಡಬಹುದೇ ಎಂದು ಕೇಳುವವರಿದ್ದಾರೆ. ಎಷ್ಟು ನೆನೆಸಿ ಹಿಂಡಿದರೂ ಅದರ ಹುಳಿ ಪೂರ್ತಿ ಹೋಗದು. ಅದು ಪಲ್ಯಕ್ಕೆ, ರೊಟ್ಟಿಗೆ ಇರಲಿ.

ಐದಾರು ಜನರ ಅಳತೆ

ಇಲ್ಲಿ ದೊಡ್ಡ ಚಮಚ ಎಂದರೆ 15 ಮಿಲಿ, ಸಣ್ಣ ಚಮಚ ಎಂದರೆ 5 ಮಿಲಿ, ಕಪ್ ಎಂದರೆ 240 ಮಿಲಿ.

ಹಲಸಿಗೆ: ಸುಲಿದ ಹೋಳು 700 ಗ್ರಾಂ. ಸಿಪ್ಪೆ, ಗೂಂಜು (ನಡುವಿನ ದಿಂಡು) ಹೋಗಿ ಕಾಯಿಯ ತೂಕದ ಅರ್ಧದಷ್ಟೇ ಉಳಿಯುತ್ತದೆ, ಆದ್ದರಿಂದ ಒಂದೂವರೆ ಕಿಲೋ ಕಾಯಿ ತನ್ನಿ.

ಅನ್ನಕ್ಕೆ: ಹಳೆಯ ಬಾಸ್ಮತಿ ಅಕ್ಕಿ 500 ಗ್ರಾಂ, ನೀರು 3 ಲೀಟರ್, ಉಪ್ಪು 3 ದೊಡ್ಡ ಚಮಚ, ಅರ್ಧ ನಿಂಬೆ, 2 ಲವಂಗ, 2 ಏಲಕ್ಕಿ, ಅರ್ಧ ಸಣ್ಣ ಚಮಚ ಶಾಹಿ ಜೀರಿಗೆ.

ಮೊಸರಿನ ಮಸಾಲೆಗೆ: ಹುಳಿಯಿಲ್ಲದ ಗಟ್ಟಿ ಮೊಸರು 200 ಗ್ರಾಂ, ಕಡಲೆಹಿಟ್ಟು 1 ಸಣ್ಣ ಚಮಚ, ಬ್ಯಾಡಗಿ ಮೆಣಸಿನ ಪುಡಿ 2 ಸಣ್ಣ ಚಮಚ, ಧನಿಯಾ ಪುಡಿ 1 ದೊಡ್ಡ ಚಮಚ, ಅರಿಸಿನ ಅರ್ಧ ಸಣ್ಣ ಚಮಚ, ಗರಂ ಮಸಾಲೆ 1 ಸಣ್ಣ ಚಮಚ, ಉಪ್ಪು ಒಂದೂವರೆ ಸಣ್ಣ ಚಮಚ.

ರುಬ್ಬಲು: ಕೊತ್ತಂಬರಿ ಸೊಪ್ಪು 1 ಕಪ್, ಪುದೀನಾ ಅರ್ಧ ಕಪ್, ಹಸಿಮೆಣಸಿನಕಾಯಿ 5, ಶುಂಠಿ 2 ಇಂಚು, ಬೆಳ್ಳುಳ್ಳಿ 12 ಎಸಳು. ಬೇರೆಯಾಗಿ, 12 ಗೋಡಂಬಿ ಮತ್ತು 2 ದೊಡ್ಡ ಚಮಚ ತೆಂಗಿನತುರಿ.

ಒಗ್ಗರಣೆಗೆ: ಚಕ್ಕೆ 2 ಇಂಚು, ಲವಂಗ 5, ಏಲಕ್ಕಿ 4, ಮರಾಠಿ ಮೊಗ್ಗು 1, ಚಕ್ರಮೊಗ್ಗು 1, ಪಲಾವ್ ಎಲೆ 2, ಒಂದು ಚೂರು ಕಲ್ಲುಹೂವು, ಟೊಮೆಟೊ 2.

ಇವಲ್ಲದೆ ಈರುಳ್ಳಿ ಅರ್ಧ ಕಿಲೋ, ಎಣ್ಣೆ ಒಂದೂವರೆ ಕಪ್, ತುಪ್ಪ 5 ದೊಡ್ಡ ಚಮಚ, ಕಾಲು ಕಪ್ ಬಿಸಿ ಹಾಲಿನಲ್ಲಿ ನೆನೆಸಿದ ಒಂದು ಚಿಟಿಕೆ ಕೇಸರಿ, ಪದರಗಳ ನಡುವೆ ಉದುರಿಸಲು ಇನ್ನೊಂದು ಹಿಡಿ ಪುದೀನಾ.

ಹೆಚ್ಚುವುದು, ಮೇಣ ತೆಗೆಯುವುದು

ನೆಲಕ್ಕೆ ಹಳೆಯ ಪೇಪರ್ ಹಾಸಿ. ಎರಡೂ ಕೈಗೆ, ಕತ್ತಿಯ ಎರಡೂ ಮಗ್ಗುಲಿಗೆ ತೆಂಗಿನೆಣ್ಣೆ ಸವರಿ. ಹಲಸಿನ ಮೇಣ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಕಾಯಿ ಹೆಚ್ಚುವಾಗ ನೀರು ಹತ್ತಿರ ತರಬೇಡಿ. ಕಾಯಿಯನ್ನು ಅಡ್ಡಕ್ಕೆ ಒಂದಿಂಚು ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ. ಕೂಡಲೇ ಬಿಳಿ ಮೇಣ ಹನಿಹನಿಯಾಗಿ ಮೇಲೆದ್ದು ಬರುತ್ತದೆ. ಎರಡು ನಿಮಿಷ ಬಿಟ್ಟು ಪೇಪರಿನಿಂದ ಒತ್ತಿ ಒರೆಸಿ, ಇನ್ನೂ ಬಂದರೆ ಇನ್ನೊಮ್ಮೆ ಒರೆಸಿ. ಆಮೇಲೆ ಹಸಿರು ಸಿಪ್ಪೆಯ ಜೊತೆಗೆ ಅದರ ಕೆಳಗಿನ ಕಾಲಿಂಚು ಗಟ್ಟಿ ಭಾಗವನ್ನೂ ಕೆತ್ತಿ ತೆಗೆಯಿರಿ. ಇದರಲ್ಲಿ ಜಿಪುಣತನ ಮಾಡಿದರೆ ತಿನ್ನುವಾಗ ಹಲ್ಲಿಗೆ ಸಿಗುತ್ತದೆ. ನಡುವಿನ ಗೂಂಜು ತೀರಾ ಎಳೆಯ ಕಾಯಲ್ಲಿ ಮೆತ್ತಗಿರುತ್ತದೆ, ಇರಲಿ ಬಿಡಿ. ಬಲಿತದ್ದಾದರೆ ತೆಗೆಯಿರಿ. ಉಳಿದದ್ದನ್ನು ಒಂದೂವರೆ ಇಂಚಿನ ಹೋಳು ಮಾಡಿ. ಇದಕ್ಕಿಂತ ಚಿಕ್ಕದಾದರೆ ದಮ್‌ನಲ್ಲಿ ಉಳಿಯುವುದಿಲ್ಲ.

ಹೋಳುಗಳನ್ನು ತಕ್ಷಣ ಅರಿಸಿನ ಮತ್ತು ಒಂದು ಕಪ್ ಮಜ್ಜಿಗೆ ಬೆರೆಸಿದ ನೀರಿಗೆ ಹಾಕಿ, ಗಾಳಿಗೆ ಬಿಟ್ಟರೆ ಕಪ್ಪಾಗುತ್ತವೆ. ಕತ್ತಿಗೆ ಅಂಟಿದ ಮೇಣಕ್ಕೆ ಎಣ್ಣೆ ಹಚ್ಚಿ, ಉರಿಯ ಮೇಲೆ ಸ್ವಲ್ಪ ಬಿಸಿ ಮಾಡಿ, ಪೇಪರಿನಿಂದ ಒರೆಸಿ. ಸೋಪು, ನೀರು ಎಲ್ಲ ಅದಾದ ಮೇಲೆ.

ಬೇಯಿಸಿ, ಹುರಿದು, ನೆನೆಹಾಕುವುದು

ಒಂದೂವರೆ ಲೀಟರ್ ನೀರು ಕುದಿಸಿ, 1 ದೊಡ್ಡ ಚಮಚ ಉಪ್ಪು ಹಾಕಿ, ಹೋಳುಗಳನ್ನು ಎಂಟರಿಂದ ಹತ್ತು ನಿಮಿಷ ತೆರೆದ ಪಾತ್ರೆಯಲ್ಲೇ ಬೇಯಿಸಿ. ಚೂರಿಯ ತುದಿ ಒಳಹೋಗಬೇಕು, ಆದರೆ ಕೊನೆಯಲ್ಲಿ ಚೂರು ತಡೆ ಸಿಗಬೇಕು. ಅಲ್ಲಿಗೆ ನಿಲ್ಲಿಸಿ. ಹಲಸಿನ ಬಿರಿಯಾನಿ ಅತಿ ಹೆಚ್ಚು ಕೆಡುವುದು ಕುಕ್ಕರ್‌ನಿಂದ. ಅವಸರಕ್ಕೆ ಕುಕ್ಕರ್ ಇಡಲೇಬೇಕಾದರೆ ಮಧ್ಯಮ ಉರಿಯಲ್ಲಿ ಒಂದೇ ವಿಷಲ್. ಆಗುತ್ತಲೇ ಹಬೆ ಬಿಡಿಸಿ ಮುಚ್ಚಳ ತೆಗೆಯಿರಿ. ತಾನಾಗಿ ತಣಿಯಲಿ ಎಂದು ಬಿಟ್ಟರೆ ಒಳಗಿನ ಹಬೆಯಲ್ಲೇ ಹೋಳು ಬೆಂದು ನಾರುನಾರಾಗುತ್ತದೆ.

ಬಸಿದ ಹೋಳುಗಳನ್ನು ಬಟ್ಟೆಯ ಮೇಲೆ ಇಪ್ಪತ್ತು ನಿಮಿಷ ಹರಡಿ. ಮೈಯಲ್ಲಿ ನೀರಿದ್ದರೆ ಎಣ್ಣೆ ಸಿಡಿಯುತ್ತದೆ, ಹೋಳು ಕೆಂಪಾಗದೆ ಬೇಯುತ್ತಲೇ ಇರುತ್ತದೆ.

ಈ ಹೊತ್ತಿನಲ್ಲಿ ಈರುಳ್ಳಿ ಕರಿಯಿರಿ. ತೆಳ್ಳಗೆ, ಒಂದೇ ದಪ್ಪಕ್ಕೆ ಹೆಚ್ಚಿ, ಮಧ್ಯಮ ಉರಿಯಲ್ಲಿ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದೆ ಕರಿಯಬೇಕು. ಹೊಂಬಣ್ಣಕ್ಕೆ ಬಂದಾಗಲೇ ತೆಗೆಯಿರಿ. ಎಣ್ಣೆಯಿಂದ ಹೊರಗೆ ಬಂದ ಮೇಲೂ ಬಣ್ಣ ಏರುತ್ತದೆ, ಬಾಣಲೆಯಲ್ಲೇ ಕಂದು ಮಾಡಿದರೆ ತಟ್ಟೆಯಲ್ಲಿ ಕಹಿಯಾಗುತ್ತದೆ. ಉಳಿದ ಎಣ್ಣೆಗೆ ಈರುಳ್ಳಿಯ ಘಮ ಹತ್ತಿರುತ್ತದೆ. ಮಾಂಸದ ಕೊಬ್ಬು ಇಲ್ಲದ ಕೊರತೆಯನ್ನು ತುಂಬುವುದು ಈ ಎಣ್ಣೆಯೇ, ಚೆಲ್ಲಬೇಡಿ.

ಅದರಲ್ಲೇ ಮೂರು ದೊಡ್ಡ ಚಮಚ ಎಣ್ಣೆಯನ್ನು ಅಗಲ ಬಾಣಲೆಗೆ ಹಾಕಿ, ಹೋಳುಗಳನ್ನು ಒಂದರ ಮೇಲೊಂದು ಬೀಳದಂತೆ ಜೋಡಿಸಿ, ಅಂಚು ಕೆಂಪಾಗುವವರೆಗೆ ಎರಡೂ ಕಡೆ ಹುರಿಯಿರಿ. ಪದೇಪದೇ ಕೈಯಾಡಿಸಬೇಡಿ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಪದ್ಧತಿಯೂ ಇದೆ. ರುಚಿ ಜಾಸ್ತಿ, ಆದರೆ ಹೋಳು ಎಣ್ಣೆ ಕುಡಿದು ಮೊಸರಿನ ಮಸಾಲೆಗೆ ಜಾಗವೇ ಉಳಿಯುವುದಿಲ್ಲ.

ಮೊಸರಿಗೆ ಕಡಲೆಹಿಟ್ಟು ಹಾಕಿ ಗಂಟಿಲ್ಲದಂತೆ ಕಡೆಯಿರಿ. ಬಿಸಿಗೆ ಮೊಸರು ಒಡೆಯದಂತೆ ಹಿಟ್ಟು ತಡೆಯುತ್ತದೆ. ಪುಡಿಗಳು, ಉಪ್ಪು, ರುಬ್ಬಿದ ಹಸಿರು ಮಸಾಲೆಯ ಅರ್ಧ ಬೆರೆಸಿ. ಹುರಿದ ಹೋಳುಗಳನ್ನು ಬಿಸಿಯಿರುವಾಗಲೇ ಇದಕ್ಕೆ ಹಾಕಿ. ಬಿಸಿ ಹೋಳು ತಣಿಯುತ್ತ ಮಸಾಲೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಸಾಕು. ರಾತ್ರಿಯಿಡೀ ನೆನೆಸುವುದು ಮಾಂಸಕ್ಕೆ, ಇದಕ್ಕಲ್ಲ.

ಮಸಾಲೆ

ದಪ್ಪ ತಳದ ಐದು ಲೀಟರಿನ ಪಾತ್ರೆಗೆ ಈರುಳ್ಳಿಯ ಎಣ್ಣೆ 3 ದೊಡ್ಡ ಚಮಚ, ತುಪ್ಪ 2 ದೊಡ್ಡ ಚಮಚ ಹಾಕಿ. ಚಕ್ಕೆ, ಲವಂಗ ಇತ್ಯಾದಿ ಘಮ್ಮೆಂದ ಮೇಲೆ ಉಳಿದ ಹಸಿರು ಮಸಾಲೆ ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಹೆಚ್ಚಿದ ಟೊಮೆಟೊ ಹಾಕಿ, ಕರಗಿ ಅಂಚಿನಲ್ಲಿ ಎಣ್ಣೆ ಬಿಡಲಿ. ಉರಿ ಪೂರ್ತಿ ಸಣ್ಣ ಮಾಡಿ ಹೋಳುಗಳನ್ನು ಮೊಸರಿನ ಸಮೇತ ಸುರಿಯಿರಿ. ಗೋಡಂಬಿ–ತೆಂಗಿನತುರಿಯನ್ನು ನುಣ್ಣಗೆ ರುಬ್ಬಿ ಸೇರಿಸಿ. ಕರಿದ ಈರುಳ್ಳಿಯ ಅರ್ಧವನ್ನು ಕೈಯಲ್ಲಿ ಪುಡಿಮಾಡಿ ಹಾಕಿ. ಒಂದು ಕಪ್ ಬಿಸಿನೀರು ಹಾಕಿ, ಹತ್ತು ನಿಮಿಷ ಸಣ್ಣ ಉರಿಯಲ್ಲಿಡಿ. ಸೌಟಿನಿಂದ ಅಲ್ಲ, ಪಾತ್ರೆ ಹಿಡಿದು ಅಲುಗಿಸಿ.

ಹದ ನೋಡುವುದು ಹೀಗೆ: ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ನಿಧಾನವಾಗಿ ಮುಚ್ಚಿಕೊಳ್ಳಬೇಕು. ಮುಚ್ಚದೇ ಉಳಿದರೆ ಮಸಾಲೆ ಗಟ್ಟಿಯಾಗಿದೆ, ದಮ್‌ನಲ್ಲಿ ತಳ ಹಿಡಿಯುತ್ತದೆ. ಅರ್ಧ ಕಪ್ ಬಿಸಿನೀರು ಸೇರಿಸಿ. ಎಳೆದ ಕೂಡಲೇ ಮುಚ್ಚಿದರೆ ನೀರಾಗಿದೆ, ಕೆಳಗಿನ ಅನ್ನ ಮುದ್ದೆಯಾಗುತ್ತದೆ. ಇನ್ನೆರಡು ನಿಮಿಷ ಕುದಿಸಿ. ರುಚಿ ನೋಡಿದರೆ ಉಪ್ಪು, ಖಾರ ಎರಡೂ ಒಂದು ಕೈ ಮುಂದೆಯೇ ಇರಬೇಕು.

ಅನ್ನ

ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆದು ಅರ್ಧ ಗಂಟೆ ನೆನೆಸಿ. ನೀರು ಕೊತಕೊತ ಕುದಿಯುವಾಗ ಉಪ್ಪು, ಸಾಂಬಾರ ಪದಾರ್ಥ, ನಿಂಬೆರಸ ಹಾಕಿ. ಆ ನೀರು ಸಾರಿಗಿಂತ ತುಸು ಉಪ್ಪಾಗಿರಬೇಕು. ಮೂರು ಚಮಚ ಎಂದು ಹೆದರಬೇಡಿ, ಬಹುಪಾಲು ಉಪ್ಪು ಗಂಜಿಯ ಜೊತೆ ಹೊರಟುಹೋಗುತ್ತದೆ. ಅಕ್ಕಿ ಹಾಕಿ, ಮತ್ತೆ ಕುದಿ ಬಂದ ಮೇಲೆ ಐದು ನಿಮಿಷಕ್ಕೆ ಒಂದು ಅಗುಳನ್ನು ಬೆರಳಲ್ಲಿ ಮುರಿದು ನೋಡಿ. ನಡುವೆ ಬಿಳಿ ಚುಕ್ಕೆ ಕಾಣಬೇಕು. ಅದೇ ಮುಕ್ಕಾಲು ಬೇಯುವ ಹದ. ಅರ್ಧ ಕಪ್ ಗಂಜಿನೀರು ತೆಗೆದಿಟ್ಟು ಉಳಿದದ್ದನ್ನು ಬಸಿಯಿರಿ. ಬಸಿದ ಅನ್ನ ಜರಡಿಯಲ್ಲಿ ಕಾಯುತ್ತ ಕೂರಬಾರದು, ತನ್ನ ಬಿಸಿಗೆ ತಾನೇ ಬೇಯುತ್ತದೆ. ಆದ್ದರಿಂದ ಮಸಾಲೆ ತಯಾರಾದ ಮೇಲೆಯೇ ಅಕ್ಕಿಯನ್ನು ನೀರಿಗೆ ಹಾಕಿ.

ಜೀರಾ ಸಾಂಬಾ ಅಕ್ಕಿ ಇಷ್ಟಪಡುವವರು ಬಸಿಯುವ ಗೋಜಿಗೆ ಹೋಗಬಾರದು. ಇಪ್ಪತ್ತು ನಿಮಿಷ ನೆನೆಸಿ, ಮಸಾಲೆಯ ನೀರನ್ನೂ ಲೆಕ್ಕ ಹಿಡಿದು ಒಂದು ಕಪ್ ಅಕ್ಕಿಗೆ ಒಂದೂಮುಕ್ಕಾಲು ಕಪ್ ನೀರಿನಂತೆ ನೇರ ಮಸಾಲೆಯಲ್ಲೇ ಬೇಯಿಸುವುದು ವಾಡಿಕೆ. ಸೋನಾ ಮಸೂರಿಯಲ್ಲಿ ಮಾಡಿದರೆ ಪಲಾವ್ ಆಗುತ್ತದೆ, ಚೆನ್ನಾಗಿಯೇ ಇರುತ್ತದೆ, ಆದರೆ ದಮ್‌ಗೆ ನಿಲ್ಲುವ ಅಕ್ಕಿ ಅದಲ್ಲ.

ದಮ್

ಹೋಳು, ಮಸಾಲೆಯನ್ನು ತಳದಲ್ಲಿ ಸಮ ಮಾಡಿ. ಮೇಲೆ ಅರ್ಧ ಅನ್ನ, ಪುದೀನಾ, ಸ್ವಲ್ಪ ಕರಿದ ಈರುಳ್ಳಿ. ಮತ್ತೆ ಉಳಿದ ಅನ್ನ, ಈರುಳ್ಳಿ, ಕೇಸರಿ ಹಾಲು, 3 ದೊಡ್ಡ ಚಮಚ ತುಪ್ಪ. ಗಂಜಿನೀರನ್ನು ಅಂಚಿನ ಸುತ್ತ ಚಿಮುಕಿಸಿ. ಅನ್ನವನ್ನು ಒತ್ತಬೇಡಿ, ಹಬೆ ಮೇಲೇರಲು ಸಂದು ಬೇಕು. ಚಪಾತಿ ಹಿಟ್ಟನ್ನು ಹಗ್ಗದಂತೆ ಹೊಸೆದು ಅಂಚಿಗೆ ಅಂಟಿಸಿ ಮುಚ್ಚಳ ಒತ್ತಿ.

ದೊಡ್ಡ ಉರಿಯಲ್ಲಿ ಮೂರು ನಿಮಿಷ. ಪಾತ್ರೆಯ ಪಕ್ಕ ಮುಟ್ಟಲಾಗದಷ್ಟು ಬಿಸಿಯಾದ ಮೇಲೆ ಕೆಳಗೆ ಕಬ್ಬಿಣದ ಕಾವಲಿ ಇಟ್ಟು, ಅತಿ ಸಣ್ಣ ಉರಿಯಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ. ಸುಟ್ಟ ವಾಸನೆಯ ಸುಳಿವು ಬಂದರೂ ತಕ್ಷಣ ಒಲೆ ಆರಿಸಿ, ಪಾತ್ರೆಯನ್ನು ಒದ್ದೆ ಬಟ್ಟೆಯ ಮೇಲಿಡಿ. ತಳ ಕೆದಕದಿದ್ದರೆ ಮೇಲಿನದು ಉಳಿಯುತ್ತದೆ. ಒಲೆ ಆರಿಸಿದ ಮೇಲೆ ಹದಿನೈದು ನಿಮಿಷ ಮುಚ್ಚಳ ತೆಗೆಯುವಂತಿಲ್ಲ. ಅನ್ನದ ನಡುವಿನ ಆ ಬಿಳಿ ಚುಕ್ಕೆ ಹೋಗುವುದು ಈ ಹದಿನೈದು ನಿಮಿಷದಲ್ಲೇ.

ತೆರೆದಾಗ ಅನ್ನ ಇನ್ನೂ ಗಟ್ಟಿ ಅನಿಸಿದರೆ ಎರಡು ದೊಡ್ಡ ಚಮಚ ಬಿಸಿ ಹಾಲು ಚಿಮುಕಿಸಿ ಮತ್ತೆ ಐದು ನಿಮಿಷ ಸಣ್ಣ ಉರಿಯಲ್ಲಿಡಿ. ಮೇಲೆ ನೀರಾಡಿದಂತಿದ್ದರೆ ಮುಚ್ಚಳ ತೆಗೆದು ಹಾಗೇ ಬಿಡಿ, ಕಲಕಿದರೆ ಅಲ್ಲಿಗೆ ಮುಗಿಯಿತು.

ಬಡಿಸಲು ಸೌಟಿಗಿಂತ ಚಪ್ಪಟೆ ತಟ್ಟೆ ವಾಸಿ. ಅಂಚಿನಿಂದ ತಳದವರೆಗೆ ಇಳಿಸಿ ಮೇಲೆತ್ತಿದರೆ ಹೋಳು ಮುರಿಯದೆ ಎರಡೂ ಪದರ ಒಟ್ಟಿಗೆ ಬರುತ್ತವೆ. ಜೊತೆಗೆ ಈರುಳ್ಳಿ, ಸೌತೆಕಾಯಿಯ ಮೊಸರು ಬಜ್ಜಿ ಸಾಕು. ಗೋಡಂಬಿ, ತೆಂಗು ಒಳಗೇ ಇರುವುದರಿಂದ ಕೂರ್ಮಾ ಮಾಡಿದರೆ ಜಿಡ್ಡು ಜಾಸ್ತಿಯಾಗುತ್ತದೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಬಿಸಿ ಮಾಡುವಾಗ ಹಲಸು ಮತ್ತೆ ನೀರು ಕೇಳುತ್ತದೆ, ಒಂದು ಬಟ್ಟಲಿಗೆ ಎರಡು ದೊಡ್ಡ ಚಮಚ ನೀರು ಚಿಮುಕಿಸಿ ಮುಚ್ಚಿ ಬಿಸಿ ಮಾಡಿ.