ಕಾರಿನ ಇಂಜಿನ್ ಹೀಟ್ ಆಗುತ್ತಿದೆಯೇ? ಪಾರ್ಟ್ ಬದಲಿಸುವ ಮೊದಲು ಕಾರಣ ಹುಡುಕಿ

ಇಂಜಿನ್ ಹೀಟ್ ಆಯಿತೆಂದರೆ ಹೆಚ್ಚಿನವರು ಮೊದಲು ಕೈಹಾಕುವುದು ಥರ್ಮೋಸ್ಟಾಟ್‌ಗೆ, ಅಂದರೆ ಬಿಸಿಯಾದಾಗ ತೆರೆದು ಕೂಲಂಟನ್ನು (ಇಂಜಿನ್ ತಣ್ಣಗಿಡುವ ದ್ರವ) ರೇಡಿಯೇಟರ್‌ಗೆ ಬಿಡುವ ವಾಲ್ವ್‌ಗೆ. ಅದರಿಂದ ಸರಿಹೋಗದಿದ್ದರೆ ವಾಟರ್ ಪಂಪ್, ಆಮೇಲೆ ರೇಡಿಯೇಟರ್. ಹೀಗೆ ಅಂದಾಜಿನ ಮೇಲೆ ಒಂದೊಂದೇ ಬದಲಿಸುತ್ತ ಹೋದರೆ ದುಡ್ಡು ಖರ್ಚಾಗುವುದಲ್ಲದೆ, ಅಷ್ಟರಲ್ಲಿ ಸಿಲಿಂಡರ್ ಹೆಡ್ಡೂ (ಇಂಜಿನ್ ಮೇಲ್ಭಾಗದ ಲೋಹದ ಮುಚ್ಚಳ) ಬಾಗಿರಬಹುದು. ಕಾರು ಯಾವ ಹೊತ್ತಿನಲ್ಲಿ ಹೀಟ್ ಆಗುತ್ತದೆ ಎಂಬುದನ್ನು ಗಮನಿಸಿದರೆ ಹುಡುಕಬೇಕಾದ ಜಾಗ ಬಹಳಷ್ಟು ಕಿರಿದಾಗುತ್ತದೆ.

ಓಡಿಸುವಾಗಲೇ ತಾಪಮಾನದ ಮುಳ್ಳು ಕೆಂಪು ಗೆರೆಯತ್ತ ಏರಿದರೆ ಎಸಿ ಆಫ್ ಮಾಡಿ, ಹೀಟರ್ ಮತ್ತು ಬ್ಲೋವರ್ ಎರಡನ್ನೂ ಪೂರ್ತಿ ಹೆಚ್ಚಿಸಿ, ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಇಂಜಿನ್ ಬಂದ್ ಮಾಡಿ. ಏರಿದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಸಮಾಧಾನಪಡಬೇಡಿ. ಕೂಲಂಟ್ ಖಾಲಿಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತಾಗಲೂ ಹಾಗಾಗುತ್ತದೆ, ಆಗಂತೂ ಒಂದು ಕ್ಷಣವೂ ಓಡಿಸಬಾರದು.

ರೇಡಿಯೇಟರ್ ಕ್ಯಾಪ್ ಬಿಸಿಯಲ್ಲಿ ತೆಗೆಯಲೇಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡವಿರುವುದರಿಂದಲೇ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ 125 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯದೆ ಇರುತ್ತದೆ. ಕ್ಯಾಪ್ ಸಡಿಲಿಸಿದ ಕ್ಷಣ ಆ ಒತ್ತಡ ಹೋಗಿ, ಎಲ್ಲವೂ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರ್‌ನ ಮೇಲಿನ ಹೋಸನ್ನು ಬರಿಗೈಯಲ್ಲಿ ಹಿಡಿದು ಹಿಸುಕುವಷ್ಟು ತಣ್ಣಗಾಗುವವರೆಗೆ ಕಾಯಿರಿ.

ತಣ್ಣಗಾದ ಮೇಲೆ ಮೊದಲು ನೋಡಬೇಕಾದದ್ದು ಕೂಲಂಟ್ ಮಟ್ಟ. ಕಡಿಮೆಯಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲಂಟ್ ತಾನಾಗಿ ಖರ್ಚಾಗುವುದಿಲ್ಲ, ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಪ್ರೆಶರ್ ಟೆಸ್ಟರ್ ಕೂರಿಸಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡಿ. ಟೆಸ್ಟರಿನ ಮುಳ್ಳು ಇಳಿದರೆ ಹೋಸ್ ಕ್ಲಾಂಪ್‌ಗಳು, ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂಗೆ ಸೇರುವ ಅಂಚು, ವಾಟರ್ ಪಂಪ್ ಕೆಳಗಿನ ಸಣ್ಣ ತೂತು, ಮುಂದಿನ ಸೀಟಿನ ಎದುರಿನ ಕಾರ್ಪೆಟ್ ಇವಿಷ್ಟನ್ನು ನೋಡಿ. ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಸೋರುತ್ತಿರುವುದು ಹೀಟರ್ ಕೋರ್, ಅಂದರೆ ಕಾರಿನೊಳಗಿನ ಗಾಳಿ ಬಿಸಿಮಾಡುವ ಸಣ್ಣ ರೇಡಿಯೇಟರ್. ಕ್ಯಾಪನ್ನೂ ಇದೇ ಟೆಸ್ಟರ್‌ನಲ್ಲಿ ಪರೀಕ್ಷಿಸಿ. ಸ್ಪ್ರಿಂಗ್ ಸೋತ ಕ್ಯಾಪ್ ಒತ್ತಡ ಹಿಡಿಯುವುದಿಲ್ಲ, ಕೂಲಂಟ್ ಬೇಗ ಕುದಿಯುತ್ತದೆ.

ಮಟ್ಟ ಸರಿಯಿದ್ದೂ ಹೀಟ್ ಆಗುತ್ತಿದ್ದರೆ, ಯಾವಾಗ ಎಂಬ ಪ್ರಶ್ನೆ ಈಗ ಬರುತ್ತದೆ.

ಸಿಗ್ನಲ್‌ನಲ್ಲಿ, ನಿಧಾನ ಟ್ರಾಫಿಕ್‌ನಲ್ಲಿ ಏರಿ, ವೇಗವಾಗಿ ಓಡಿಸಿದಾಗ ಇಳಿದರೆ ಅನುಮಾನ ಫ್ಯಾನ್ ಮೇಲೆ. ಇಂಜಿನ್ ಚಾಲೂ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಅದೇ ನಂಬರಿನ ಬೇರೆ ರಿಲೇ (ಫ್ಯಾನ್‌ಗೆ ಕರೆಂಟ್ ಬಿಡುವ ಸ್ವಿಚ್) ಬದಲಿಸಿ ನೋಡಿ. ಎರಡೇ ವೈರಿನ ಮೋಟಾರಾದರೆ ಕನೆಕ್ಟರ್ ಬಿಚ್ಚಿ, ಫ್ಯೂಸ್ ಇರುವ ವೈರಿನಿಂದ ಬ್ಯಾಟರಿಯ 12 ವೋಲ್ಟ್ ನೇರವಾಗಿ ಕೊಡಿ. ಆಗ ತಿರುಗಿದರೆ ದೋಷ ವೈರಿಂಗ್, ರಿಲೇ ಅಥವಾ ಸೆನ್ಸರ್‌ನಲ್ಲಿದೆ. ತಿರುಗದ ಮೋಟಾರಿನ ಹಿಂಬದಿಯನ್ನು ಉದ್ದನೆಯ ಮರದ ಕಡ್ಡಿಯಿಂದ ತಟ್ಟಿದ ಕೂಡಲೇ ತಿರುಗಲು ಶುರುವಾದರೆ ಕಾರ್ಬನ್ ಬ್ರಷ್ ಸವೆದಿದೆ, ಮೋಟಾರ್ ಬದಲಿಸಲೇಬೇಕು. ರಿಪೇರಿಯಾದ ಮೇಲೆ ಗ್ರಿಲ್ ಎದುರು ಒಂದು ಹಾಳೆ ಹಿಡಿಯಿರಿ. ರೇಡಿಯೇಟರ್ ಹಿಂದಿರುವ ಫ್ಯಾನ್ ಹಾಳೆಯನ್ನು ಒಳಕ್ಕೆ ಎಳೆಯಬೇಕು, ಹೊರಕ್ಕೆ ತಳ್ಳಿದರೆ ವೈರ್ ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ.

ಇದಕ್ಕೆ ವಿರುದ್ಧವಾಗಿ ಹೈವೇಯಲ್ಲಿ, ಏರು ಹತ್ತುವಾಗ ಮಾತ್ರ ಹೀಟ್ ಆದರೆ ಫ್ಯಾನನ್ನು ಬಿಟ್ಟುಬಿಡಿ. ಶಾಖ ಹೆಚ್ಚಾದಾಗ ಅದನ್ನು ಹೊರಹಾಕುವಷ್ಟು ಕೂಲಂಟ್ ಅಥವಾ ಗಾಳಿ ಹರಿಯುತ್ತಿಲ್ಲ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಹಾಕಿ ನೋಡಿ; ಧೂಳು, ಹುಳ, ಎಲೆ ಸೇರಿ ಅಲ್ಲಿ ಪದರ ಕಟ್ಟಿರುತ್ತದೆ, ಎದುರಿನಿಂದ ನೋಡಿದರೆ ಕಾಣುವುದೇ ಇಲ್ಲ. ಇಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ, ಪ್ರೆಶರ್ ವಾಶರ್ ಹಿಡಿದರೆ ಫಿನ್‌ಗಳು ಬಾಗುತ್ತವೆ. ನಂತರ ಇಂಜಿನ್ ಬಿಸಿಮಾಡಿ ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರ್ ಉದ್ದಕ್ಕೂ ಸರಿಸಿ. ತಾಪ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮೇಣ ಇಳಿಯಬೇಕು, ನಡುವೆ ತಣ್ಣನೆಯ ಜಾಗ ಸಿಕ್ಕರೆ ಒಳಗಿನ ಟ್ಯೂಬ್ ಕಟ್ಟಿಕೊಂಡಿದೆ. ಇನ್ನೊಬ್ಬರಿಂದ ರೇಸ್ ಕೊಡಿಸಿ ಕೆಳಗಿನ ಹೋಸನ್ನೂ ನೋಡಿ: ಪಂಪ್ ಎಳೆಯುವ ಭರಕ್ಕೆ ಅದು ಚಪ್ಪಟೆಯಾದರೆ ಹೋಸ್ ಬದಲಿಸಿ.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಗಳಲ್ಲಿ ಏರುತ್ತಿದ್ದರೆ, ಮೇಲಿನ ಹೋಸ್ ಸುಡುತ್ತ ಕೆಳಗಿನದು ತಣ್ಣಗಿದ್ದರೆ, ಆಗ ಥರ್ಮೋಸ್ಟಾಟ್ ಬಿಚ್ಚಿ. ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ತೂಗಿಬಿಟ್ಟು ಕಾಯಿಸಿ, ಥರ್ಮಾಮೀಟರ್ ಇಡಿ. ಅದರ ಮೇಲೆ ಕೊರೆದಿರುವ ತಾಪದಲ್ಲಿ, ಸಾಮಾನ್ಯವಾಗಿ 82 ರಿಂದ 90 ಡಿಗ್ರಿಯೊಳಗೆ, ಬಾಯಿ ಬಿಡಲು ಶುರುವಾಗಬೇಕು. ಕೆಟ್ಟಿದ್ದರೆ ಹೊಸದು ಹಾಕಿ. ಕಿತ್ತೆಸೆದು ಹಾಗೇ ಓಡಿಸುವುದು ಪರಿಹಾರವಲ್ಲ. ಇಂಜಿನ್ ಬೇಕಾದ ಬಿಸಿಗೆ ಬಾರದೆ ಇಂಧನ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಕೂಲಂಟ್ ಬದಲಿಸಿದ ನಂತರವೇ ತೊಂದರೆ ಶುರುವಾಗಿದ್ದರೆ, ಅಥವಾ ಮುಳ್ಳು ಮೇಲಿದ್ದೂ ಹೀಟರ್‌ನಿಂದ ತಣ್ಣನೆಯ ಗಾಳಿ ಬಂದರೆ ಏರ್ ಲಾಕ್, ಅಂದರೆ ಕೂಲಂಟ್ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿರಬಹುದು. ತಣ್ಣಗಿರುವಾಗ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಕೂಲಂಟ್ ಒಂದೇ ಸಮನೆ ಬರುವವರೆಗೂ ತುಂಬಿಸಿ.

ಹೊರಗೆಲ್ಲೂ ಸೋರಿಕೆಯಿಲ್ಲದೆ ಕೂಲಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಮತ್ತು ಇಂಜಿನ್ ಬ್ಲಾಕ್ ನಡುವಿನ ಸೀಲ್) ಪರೀಕ್ಷೆ ತಪ್ಪಿಸಬೇಡಿ. ತಣ್ಣನೆಯ ಇಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ, ಇನ್ನೂ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಬಿಗಿಯಾಗಿ ಉಬ್ಬಿದರೆ ದಹನದ ಅನಿಲ ಕೂಲಂಟ್‌ಗೆ ನುಗ್ಗುತ್ತಿದೆ. ಖಚಿತಪಡಿಸಿಕೊಳ್ಳಲು ಬ್ಲಾಕ್ ಟೆಸ್ಟರ್ ಬಳಸಿ: ರೇಡಿಯೇಟರ್ ಬಾಯಿಯಲ್ಲಿನ ಗಾಳಿಯನ್ನು ಅದರ ನೀಲಿ ದ್ರವದ ಮೂಲಕ ಎಳೆದಾಗ ದ್ರವ ಹಳದಿಗೆ ತಿರುಗಿದರೆ ಗ್ಯಾಸ್ಕೆಟ್ ಸೋತಿದೆ ಅಥವಾ ಹೆಡ್ ಬಿರುಕು ಬಿಟ್ಟಿದೆ. ಆಯಿಲ್ ಕ್ಯಾಪ್ ಕೆಳಗಿನ ತೆಳು ಬಿಳಿ ನೊರೆಯನ್ನಷ್ಟೇ ನೋಡಿ ತೀರ್ಮಾನಿಸಬೇಡಿ, ಬರೀ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನಲ್ಲಿ ತೇವದಿಂದಲೂ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್ ಮೇಲಿನ ಆಯಿಲ್ಲೂ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಇಂಜಿನ್ ಮತ್ತೆ ಚಾಲೂ ಮಾಡದೆ ಟೋ ಮಾಡಿಸಿ. ಹೆಡ್ ಬಿಚ್ಚಿದಾಗ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಮತ್ತು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳು) ಇಟ್ಟು ಬಾಗಿದೆಯೇ ಎಂದು ಅಳೆಸದೆ ಹೊಸ ಗ್ಯಾಸ್ಕೆಟ್ ಕೂರಿಸಲು ಬಿಡಬೇಡಿ, ಬಾಗಿದ ಹೆಡ್ ಮೇಲೆ ಅದೂ ಉಳಿಯುವುದಿಲ್ಲ.