ಅಮೆರಿಕದ ಸಂಗಾತಿ ವೀಸಾ: ಕಾಸರಗೋಡಿನವರು ದಾಖಲೆ ಮತ್ತು ಸಂದರ್ಶನಕ್ಕೆ ಸಿದ್ಧರಾಗುವ ಬಗೆ

ಅಮೆರಿಕದ ಪ್ರಜೆಯನ್ನು ಮದುವೆಯಾದ ನಮ್ಮೂರಿನ ಹುಡುಗಿಗೋ ಹುಡುಗನಿಗೋ ವಲಸೆ ವೀಸಾ ಸಿಗಬೇಕಾದರೆ ಎರಡು ಸಂಗತಿಗಳು ರುಜುವಾಗಬೇಕು. ಮದುವೆ ಕಾನೂನಿನ ಪ್ರಕಾರ ಸಿಂಧುವಾಗಿದೆ ಎಂಬುದು ಒಂದು. ಅದು ಸಂಸಾರ ಹೂಡುವುದಕ್ಕಾಗಿಯೇ ಆದ ಮದುವೆ, ವೀಸಾದ ಆಸೆಗೆ ಆದದ್ದಲ್ಲ ಎಂಬುದು ಇನ್ನೊಂದು. ಎರಡನೆಯದರ ಚಿಂತೆ ಎಲ್ಲರಿಗೂ ಇರುತ್ತದೆ, ಆದ್ದರಿಂದಲೇ ಮದುವೆಯ ಆಲ್ಬಂ ಎಲ್ಲಕ್ಕಿಂತ ಮೊದಲು ಹೊರಬರುತ್ತದೆ. ಆದರೆ ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿ ನಾನು ಕಂಡಂತೆ ಕೆಲಸ ಕೆಡುವುದು ಹೆಚ್ಚಾಗಿ ಮೊದಲನೆಯದರಲ್ಲಿ, ಏಕೆಂದರೆ ನಮ್ಮ ಕಾಗದಪತ್ರಗಳು ಕನ್ನಡ, ಮಲಯಾಳ, ಇಂಗ್ಲಿಷ್ ಎಂಬ ಮೂರು ಭಾಷೆಗಳಲ್ಲಿ ಚದುರಿಹೋಗಿವೆ.

ನನ್ನ ತಂಗಿಯ ಮಗಳ ಅರ್ಜಿಯಲ್ಲಿ ಆದದ್ದು ಇದೇ. ಅವಳ ಜನನ ಪತ್ರದಲ್ಲಿ ಅಪ್ಪನ ಹೆಸರು ಕುಲನಾಮವಿಲ್ಲದೆ ಇತ್ತು, ಪಾಸ್‌ಪೋರ್ಟಿನಲ್ಲಿ ‘ಭಟ್’ ಸೇರಿತ್ತು, ಮದುವೆಯ ಪ್ರಮಾಣಪತ್ರದಲ್ಲಿ ಮನೆಹೆಸರು ಮುಂದೆ ಬಂದು ಅದೇ ಮನುಷ್ಯ ಮೂರನೆಯವನಾಗಿದ್ದ. ನಾವು ಅದನ್ನು ಓದಿದ್ದೆವು, ಆದರೆ ನಮಗೆ ಅದು ವ್ಯತ್ಯಾಸವೆಂದೇ ಕಾಣಲಿಲ್ಲ. ನಮ್ಮಲ್ಲಿ ಯಾರ ಹೆಸರು ತಾನೇ ಎಲ್ಲ ಕಡೆ ಒಂದೇ ಇರುತ್ತದೆ? ಹೆಚ್ಚಿನ ದಾಖಲೆ ಬೇಕೆಂಬ ಚೀಟಿ ಹಿಡಿದು ಅವಳು ಮುಂಬಯಿಯ ವೀಸಾ ಸಂದರ್ಶನದಿಂದ ಹಿಂತಿರುಗಿದಳು, ಆಮೇಲೆ ತಿಂಗಳುಗಟ್ಟಲೆ ನಾವು ಕಚೇರಿಗಳ ಮೆಟ್ಟಿಲು ಹತ್ತಿಳಿದೆವು.

ಆದ್ದರಿಂದ ಅರ್ಜಿಗೆ ಕೈಹಾಕುವ ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಂಡು ಜನನ ಪತ್ರ, ಎಸ್‌ಎಸ್‌ಎಲ್‌ಸಿ, ಪಾಸ್‌ಪೋರ್ಟ್, ಆಧಾರ್, ಮದುವೆಯ ಪ್ರಮಾಣಪತ್ರ ಇವಿಷ್ಟರಲ್ಲಿ ನಿಮ್ಮ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಹೇಗೆ ಬರೆದಿದೆಯೋ ಹಾಗೆಯೇ, ಅಕ್ಷರ ತಿದ್ದದೆ, ಸಾಲಾಗಿ ಬರೆಯಿರಿ. ಕುಂಬಳೆ ಎಲ್ಲಿ ಕುಂಬಳ ಆಗಿದೆ, ಮಂಜೇಶ್ವರ ಎಲ್ಲಿ ಮಂಜೇಶ್ವರಂ ಆಗಿದೆ, ಕಾಸರಗೋಡಿನ ಇಂಗ್ಲಿಷ್ ಕಾಗುಣಿತದಲ್ಲಿ ನಡುವಿನ ‘ಎ’ ಅಕ್ಷರ ಎಲ್ಲಿ ಇದೆ, ಎಲ್ಲಿ ಬಿಟ್ಟುಹೋಗಿದೆ ಎಂಬುದೆಲ್ಲ ಆಗ ಕಣ್ಣಿಗೆ ಬೀಳುತ್ತದೆ. ಊರಿನ ಕಾಗುಣಿತ ದೊಡ್ಡ ತೊಂದರೆಯಲ್ಲ, ಜನರ ಹೆಸರು ಮತ್ತು ಜನ್ಮದಿನಾಂಕ ದೊಡ್ಡ ತೊಂದರೆ. ಜನನ ಪತ್ರದ ತಪ್ಪನ್ನು ಅದನ್ನು ಕೊಟ್ಟ ಪಂಚಾಯತಿನಲ್ಲೋ ನಗರಸಭೆಯಲ್ಲೋ ತಿದ್ದಿಸಿಕೊಳ್ಳಿ. ತಿದ್ದಲು ಬಾರದ ಹಳೆಯ ದಾಖಲೆಗೆ ವಿಲೇಜ್ ಆಫೀಸಿನ ಮೂಲಕ ‘ವನ್ ಆಂಡ್ ಸೇಮ್’ ಸರ್ಟಿಫಿಕೇಟ್, ಅಂದರೆ ಈ ಎರಡು ಹೆಸರುಗಳೂ ಒಬ್ಬರದೇ ಎಂಬ ಪ್ರಮಾಣಪತ್ರ, ಮಾಡಿಸಿ ಜೊತೆಗಿಡಿ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ. ಇಲ್ಲವಾದರೆ ವೀಸಾದಲ್ಲಿ ನಿಮ್ಮ ಇಡೀ ಹೆಸರು ಕುಲನಾಮವಾಗಿ, ಸ್ವಂತ ಹೆಸರಿನ ಜಾಗದಲ್ಲಿ ಹೆಸರು ಗೊತ್ತಿಲ್ಲ ಎಂಬರ್ಥದ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಬಂದು, ಅಲ್ಲಿಗೆ ಹೋದ ಮೇಲೂ ಬ್ಯಾಂಕಿನಿಂದ ಡ್ರೈವಿಂಗ್ ಲೈಸೆನ್ಸಿನವರೆಗೆ ಬೆನ್ನು ಬಿಡುವುದಿಲ್ಲ.

ಮದುವೆಯ ನೋಂದಣಿಯಲ್ಲಿ ಗಡಿಯವರಿಗೆ ಇನ್ನೊಂದು ಎಚ್ಚರ ಬೇಕು. ಕೇರಳದಲ್ಲಿ 2008ರ ನಿಯಮಗಳ ಪ್ರಕಾರ ಮದುವೆ ನಡೆದ ಸ್ಥಳದ ಪಂಚಾಯತ್ ಅಥವಾ ನಗರಸಭೆಯೇ ನೋಂದಣಿ ಮಾಡಬೇಕು, ಅರ್ಜಿಯನ್ನು 45 ದಿನಗಳೊಳಗೆ ಕೊಡಬೇಕು. ವರ ವಧು ಇಬ್ಬರೂ ಬದಿಯಡ್ಕದವರೇ ಆಗಿದ್ದರೂ ಮದುವೆ ಮಂಗಳೂರಿನ ಸಭಾಂಗಣದಲ್ಲಿ ನಡೆದಿದ್ದರೆ ಊರಿನ ಪಂಚಾಯತಿನಿಂದ ಪ್ರಮಾಣಪತ್ರ ಸಿಗುವುದಿಲ್ಲ. ಕರ್ನಾಟಕದ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಬೇಕಾಗುತ್ತದೆ. ಅಮೆರಿಕಕ್ಕೆ ಹಿಂತಿರುಗುವ ವರನ ರಜೆ ಮುಗಿಯುವ ಮೊದಲು ಈ ಕೆಲಸ ಆಗಿಬಿಡಬೇಕು. ದೇವಸ್ಥಾನ ಅಥವಾ ಮಸೀದಿಯವರು ಕೊಟ್ಟ ಪತ್ರ ನೋಂದಣಿಗೆ ಆಧಾರವೇ ಹೊರತು, ಸರಕಾರಿ ಪ್ರಮಾಣಪತ್ರದ ಬದಲಿಗೆ ಅದನ್ನು ಕೊಡಲಾಗದು.

ಇಷ್ಟಾದ ಮೇಲೆ ಅಮೆರಿಕದಲ್ಲಿರುವ ಸಂಗಾತಿ ಐ-130 ಎಂಬ ಅರ್ಜಿಯನ್ನು ಅಲ್ಲಿನ ವಲಸೆ ಇಲಾಖೆಗೆ ಸಲ್ಲಿಸುತ್ತಾರೆ, ಅದರೊಂದಿಗೆ ನಿಮ್ಮ ವಿವರದ ಐ-130ಎ ಇರುತ್ತದೆ. ಸಂಬಂಧದ ಸಾಕ್ಷ್ಯವನ್ನು ಮೊದಲು ಕೊಡುವುದು ಇಲ್ಲಿಯೇ. ಮಂಟಪದ ಐನೂರು ಫೋಟೋಗಳಿಗಿಂತ ಬೇರೆ ಬೇರೆ ಕಾಲದ, ಬೇರೆ ಬೇರೆ ಜನರಿರುವ ಹದಿನೈದಿಪ್ಪತ್ತು ಫೋಟೋಗಳು ಹೆಚ್ಚು ಹೇಳುತ್ತವೆ: ನಿಶ್ಚಿತಾರ್ಥ, ಧಾರೆ, ಮಾರನೆಯ ವಾರ ಅತ್ತೆಮನೆಯಲ್ಲಿ ನಡೆದ ಸತ್ಯನಾರಾಯಣ ಪೂಜೆ, ಮುಂದಿನ ವರ್ಷ ಅವರು ಬಂದಾಗ ಬೇಕಲ ಕೋಟೆಗೆ ಹೋದದ್ದು. ಪ್ರತಿಯೊಂದರ ಕೆಳಗೆ ದಿನ, ಸ್ಥಳ, ಜನರ ಸಂಬಂಧ ಬರೆಯಿರಿ. ಮದುವೆಯ ಬಳಿಕ ಒಬ್ಬರನ್ನೊಬ್ಬರು ನೋಡಲು ಮಾಡಿದ ಪ್ರಯಾಣದ ಟಿಕೆಟ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮೊಹರು ಬಲವಾದ ಸಾಕ್ಷ್ಯ. ಹಾಗೆಯೇ ಸಂಗಾತಿಯ ವಿಮೆಯಲ್ಲಿ ನಿಮ್ಮ ಹೆಸರು ನಾಮಿನಿಯಾಗಿರುವುದು, ತಿಂಗಳ ಖರ್ಚಿಗೆ ಕಳಿಸಿದ ಹಣದ ಬ್ಯಾಂಕ್ ವಿವರ ಕೂಡ.

ವಾಟ್ಸಾಪ್ ಮಾತುಕತೆಯನ್ನು ರಾಶಿ ಹಾಕಬೇಡಿ. ತಿಂಗಳಿಗೆ ಒಂದೆರಡು ಪುಟ, ದಿನಾಂಕ ಕಾಣುವಂತೆ, ಪರಿಚಯವಾದಂದಿನಿಂದ ಇಂದಿನವರೆಗೆ ಕೊಂಡಿ ತಪ್ಪದಂತೆ ಆರಿಸಿದರೆ ಸಾಕು. ‘ಊಟ ಆಯ್ತಾ’ ಎಂಬುದನ್ನು ನಾವು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೇವೆ, ಓದುವ ಅಧಿಕಾರಿಗೆ ಅದು ಯಾವ ಭಾಷೆಯೂ ಅಲ್ಲ. ಆದ್ದರಿಂದ ಆರಿಸಿದ ಸಾಲುಗಳಿಗೆ ಅನುವಾದ ಸೇರಿಸಿ. ಅಮ್ಮನ ಕಾಲುನೋವು, ಅಡಿಕೆ ಕೊಯ್ಲಿಗೆ ಜನ ಸಿಗದಿರುವುದು, ಅಲ್ಲಿಯ ಬಾಡಿಗೆ ಮನೆಯ ಹುಡುಕಾಟ ಇಂಥವು ಇರುವ ಪುಟಗಳು ಪ್ರೀತಿಯ ಮಾತುಗಳಿಗಿಂತ ಸಂಸಾರವನ್ನು ಚೆನ್ನಾಗಿ ತೋರಿಸುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪರಿಚಿತರಿಂದ ಅಫಿಡವಿಟ್ ತರಿಸುವಾಗ ಅವರ ಪೂರ್ಣ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಸ್ಥಳದ ಜೊತೆಗೆ ನಿಮ್ಮ ಮದುವೆಯ ಬಗ್ಗೆ ಅವರಿಗೆ ಹೇಗೆ ತಿಳಿದಿದೆ ಎಂಬುದು ಅವರದೇ ಮಾತಿನಲ್ಲಿರಬೇಕು.

ಅರ್ಜಿ ಮಂಜೂರಾದ ಬಳಿಕ ಕಡತ ನ್ಯಾಷನಲ್ ವೀಸಾ ಸೆಂಟರಿಗೆ, ಅಂದರೆ ಸಂದರ್ಶನಕ್ಕೆ ಮೊದಲು ದಾಖಲೆಗಳನ್ನು ಪರಿಶೀಲಿಸುವ ಅಮೆರಿಕದ ಸರಕಾರಿ ಕೇಂದ್ರಕ್ಕೆ, ಹೋಗುತ್ತದೆ. ಅಲ್ಲಿ ಶುಲ್ಕ ಕಟ್ಟಿ, ಡಿಎಸ್-260 ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿ, ದಾಖಲೆಗಳನ್ನು ಸ್ಕ್ಯಾನ್ ಮಾಡಿ ಏರಿಸಬೇಕು. 16 ವರ್ಷ ತುಂಬಿದಂದಿನಿಂದ ವಾಸವಿದ್ದ ಎಲ್ಲ ವಿಳಾಸಗಳನ್ನು ಈ ಅರ್ಜಿ ಕೇಳುತ್ತದೆ. ಮಂಗಳೂರಿನ ಹಾಸ್ಟೆಲ್, ಬೆಂಗಳೂರಿನ ಪಿಜಿ, ಶಾರ್ಜಾದ ರೂಮು ಯಾವುದನ್ನೂ ಬಿಡುವಂತಿಲ್ಲ. 16ರ ಬಳಿಕ 12 ತಿಂಗಳು ಅಥವಾ ಹೆಚ್ಚು ಕಾಲ ಗಲ್ಫಿನಲ್ಲಿದ್ದವರು ಆ ದೇಶದ ಪೊಲೀಸ್ ಪ್ರಮಾಣಪತ್ರವನ್ನೂ ತರಿಸಬೇಕು. ನಮ್ಮ ಜಿಲ್ಲೆಯ ಅನೇಕರ ಅರ್ಜಿ ಇಲ್ಲಿ ನಿಂತುಬಿಡುತ್ತದೆ, ಆದ್ದರಿಂದ ಅದಕ್ಕೆ ಮೊದಲೇ ಬರೆದುಬಿಡಿ. ಭಾರತದ್ದು ಪಾಸ್‌ಪೋರ್ಟ್ ಸೇವೆಯ ಮೂಲಕವೇ ಸಿಗುತ್ತದೆ. ಕನ್ನಡ ಮತ್ತು ಮಲಯಾಳದ ಪ್ರತಿಯೊಂದು ದಾಖಲೆಗೂ ಪೂರ್ತಿ ಇಂಗ್ಲಿಷ್ ಅನುವಾದ ಮಾಡಿಸಿ, ತಾನು ಎರಡೂ ಭಾಷೆ ಬಲ್ಲವನು, ಅನುವಾದ ಸರಿಯಾಗಿದೆ ಎಂದು ಅನುವಾದಕರು ಬರೆದು ಸಹಿ ಹಾಕಿರಬೇಕು. ಮೊಹರಿನೊಳಗಿನ ಅಕ್ಷರಗಳನ್ನೂ ಅನುವಾದಿಸಬೇಕು.

ದಿನಾಂಕದ ವಿಷಯದಲ್ಲಿ ಮೋಸಹೋಗಬೇಡಿ. ನಾವು 05-06-2023 ಎಂದು ಬರೆದರೆ ಜೂನ್ ಐದು, ಅಮೆರಿಕದವರು ಓದಿದರೆ ಮೇ ಆರು. ಅರ್ಜಿಯಲ್ಲಿ ಕೇಳಿದ ಕ್ರಮದಲ್ಲೇ ತುಂಬಿ. ಅನುವಾದ, ಪತ್ರ, ಫೋಟೋದ ಅಡಿಬರಹಗಳಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯಿರಿ.

ಹಣಕಾಸಿನ ಹೊಣೆಯ ಐ-864 ಪತ್ರವನ್ನು ಸಂಗಾತಿಯೇ ತುಂಬಬೇಕು. ಸಾಮಾನ್ಯವಾಗಿ ಅವರ ಆದಾಯ ಕುಟುಂಬದ ಸದಸ್ಯರ ಸಂಖ್ಯೆಗೆ ನಿಗದಿಯಾದ ಅಲ್ಲಿನ ಬಡತನ ಮಟ್ಟದ ಶೇ. 125ಕ್ಕೆ ಕಡಿಮೆಯಿರಬಾರದು, ಕಡಿಮೆಯಿದ್ದರೆ ಅಮೆರಿಕದಲ್ಲೇ ನೆಲೆಸಿರುವ ಪ್ರಜೆ ಅಥವಾ ಗ್ರೀನ್ ಕಾರ್ಡಿನವರೊಬ್ಬರು ಜಂಟಿ ಹೊಣೆ ಹೊರಬಹುದು. ಊರಿನ ತೋಟದ ಕಾಗದ ಕೊಟ್ಟರೆ ಆಗದೇ ಎಂದು ಹಿರಿಯರು ಕೇಳುತ್ತಾರೆ. ಒಂದು ವರ್ಷದೊಳಗೆ ಹಣವಾಗಿಸಬಲ್ಲ ಆಸ್ತಿಯನ್ನು ಮಾತ್ರ, ಅದೂ ಕೊರತೆಯ ಮೂರು ಪಟ್ಟು ಇದ್ದರೆ, ಪರಿಗಣಿಸುತ್ತಾರೆ, ಅದನ್ನೇ ನೆಚ್ಚಿಕೊಳ್ಳಬೇಡಿ.

ಭಾರತದವರ ವಲಸೆ ವೀಸಾ ಸಂದರ್ಶನ ನಡೆಯುವುದು ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾನ್ಸುಲೇಟಿನಲ್ಲಿ. ಅದಕ್ಕೆ ಮೊದಲು ಅವರು ಗುರುತಿಸಿದ ವೈದ್ಯರಲ್ಲಿಯೇ ತಪಾಸಣೆ, ಎಕ್ಸ್‌ರೇ, ಲಸಿಕೆ ಎಲ್ಲ ಮುಗಿದಿರಬೇಕು. ಕಾಸರಗೋಡಿನಿಂದ ನೇತ್ರಾವತಿ ಎಕ್ಸ್‌ಪ್ರೆಸ್ ನೇರ ಕುರ್ಲಾಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನವಾಗುವುದರಿಂದ ಎರಡು ದಿನ ಮುಂಚಿತವಾಗಿ ತಲುಪುವುದು ಕ್ಷೇಮ. ಸ್ಕ್ಯಾನ್ ಕಳಿಸಿದ ಎಲ್ಲ ದಾಖಲೆಗಳ ಮೂಲಪ್ರತಿ ಕೈಯಲ್ಲಿರಬೇಕು.

ಸಂದರ್ಶನದ ಮಾತು ಬಂದಾಗ ಗಿಳಿಪಾಠ ಒಪ್ಪಿಸುವಂತೆ ಮಕ್ಕಳನ್ನು ತಯಾರು ಮಾಡುವವರಿದ್ದಾರೆ. ಅದು ಬೇಡ. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದ ಬಳಿಕವೇ ಪ್ರಶ್ನೆ ಕೇಳುತ್ತಾರೆ, ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದು ಗೊತ್ತಾದರೆ ಶಾಶ್ವತವಾಗಿ ಬಾಗಿಲು ಮುಚ್ಚಬಹುದು. ನೆನಪಿಲ್ಲದ್ದಕ್ಕೆ ನೆನಪಿಲ್ಲ ಎಂದರೆ ತಪ್ಪಿಲ್ಲ. ಜಾತಕ ನೋಡಿ ಹಿರಿಯರು ಮಾಡಿದ ಮದುವೆಯಾಗಿದ್ದರೆ ಹಾಗೆಯೇ ಹೇಳಿ. ಯಾರ ಮೂಲಕ ಸಂಬಂಧ ಬಂತು, ಮೊದಲು ಮಾತಾಡಿದ್ದು ಯಾವಾಗ, ಅವರ ಮೂರು ವಾರದ ರಜೆಯಲ್ಲೇ ಮದುವೆ ಏಕೆ ಮುಗಿಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ವಿವರಿಸಿ. ಗಂಡನಿಗೆ ಏನು ಕೆಲಸ ಎಂದರೆ ‘ಐಟಿ’ ಎಂದು ನಿಲ್ಲಿಸಬೇಡಿ, ಯಾವ ಊರು, ಯಾವ ಕಂಪನಿ, ಯಾವ ಕೆಲಸ ಎಂದು ಹೇಳಿ. ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಗಂಡನ ಹೆಸರೆತ್ತದೆ ‘ಇವರು’ ಎನ್ನುವ ರೂಢಿ ಇನ್ನೂ ಇದೆ; ಗಾಜಿನಾಚೆಯ ಅಧಿಕಾರಿಗೆ ‘ಇವರು’ ಯಾರೆಂದು ತಿಳಿಯುವುದಿಲ್ಲ, ಹೆಸರು ಹೇಳಿಯೇ ಮಾತಾಡುವುದನ್ನು ಮನೆಯಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿಕೊಳ್ಳಲಿ. ಕನ್ನಡದಲ್ಲಿ ಕೇಳಿಯಾರೆಂದು ನೆಚ್ಚಿ ಹೋಗದೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಸರಳವಾಗಿ ಉತ್ತರಿಸಲು ಸಿದ್ಧರಾಗಿ, ಪ್ರಶ್ನೆ ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಿ. ಹಿಂದಿನ ಸಂಜೆ ಗಂಡ ಹೆಂಡತಿ ಇಬ್ಬರೂ ಫೋನಿನಲ್ಲಿ ಕುಳಿತು, ಸಲ್ಲಿಸಿದ ಅರ್ಜಿಗಳನ್ನು ಮೊದಲಿನಿಂದ ಕೊನೆಯವರೆಗೆ ಒಟ್ಟಿಗೆ ಓದುವುದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಸಂದರ್ಶನದ ಕೊನೆಗೆ 221(ಜಿ) ಎಂದು ಬರೆದ ಚೀಟಿ, ಅಂದರೆ ಇನ್ನೂ ಏನೋ ಬಾಕಿಯಿದೆ, ಸದ್ಯಕ್ಕೆ ವೀಸಾ ಕೊಡಲಾಗದು ಎಂಬ ಚೀಟಿ, ಕೊಟ್ಟರೆ ಕಂಗೆಡಬೇಡಿ. ಅದರಲ್ಲಿ ಕೇಳಿದ್ದನ್ನು ಮಾತ್ರ, ಅವರು ಹೇಳಿದ ದಾರಿಯಲ್ಲೇ, ಒಂದು ವರ್ಷದ ಗಡುವಿನೊಳಗೆ ಒಪ್ಪಿಸಬೇಕು.

ಅಮೆರಿಕಕ್ಕೆ ಕಾಲಿಡುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದರ ಅವಧಿ ಮುಗಿಯುವ ಹಿಂದಿನ 90 ದಿನಗಳೊಳಗೆ, ಆ ಷರತ್ತನ್ನು ತೆಗೆಸುವ ಐ-751 ಅರ್ಜಿ ಸಲ್ಲಿಸುವಾಗ ಒಟ್ಟಿಗೆ ಬಾಳುತ್ತಿರುವುದಕ್ಕೆ ಮತ್ತೆ ಸಾಕ್ಷ್ಯ ಕೇಳುತ್ತಾರೆ. ಅಲ್ಲಿಯ ಮನೆಯ ಬಾಡಿಗೆ ಕರಾರಿಗೆ, ಬ್ಯಾಂಕ್ ಖಾತೆಗೆ ಇಬ್ಬರ ಹೆಸರನ್ನೂ ಅಲ್ಲಿಗೆ ತಲುಪಿದ ಮೊದಲ ವಾರವೇ ಸೇರಿಸಿ, ಹೆಸರಿನ ಆ ದೊಡ್ಡ ಹಾಳೆಯನ್ನೂ ಅದೇ ಫೈಲಿನಲ್ಲಿಡಿ.